ಕಣ್ಣಿಗೆ ಕಟ್ಟಿದ ಗ್ರಹಣ

(ಹಿರಿಯರ ನೆನಪುಗಳನ್ನು ದಾಖಲಿಸಲು ಹೊರಟಿದ್ದ ವಿದ್ಯಾರ್ಥಿಗಳ ಮುಂದೆ ಧಾರವಾಡದಲ್ಲಿ ಆಡಿದ ಮಾತಿನ ಬರಹರೂಪ)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿಗೆ ಕೇಳಸ್ತದಲ್ರೀ? ಆಯ್ತು.

ಮುಂದಿನ ತಿಂಗಳು ನೀವು ಕುಂದಗೋಳ, ನವಲಗುಂದ, ರೋಣ, ಶಿಗ್ಗಾವಿ, ಸವಣೂರು ಅಂತ ಊರೂರಿಗೆ ಹೋಗಿ ಹಿರಿಯರ ಎದುರು ಮೊಬೈಲ್ ಹಿಡಿದು ಕೂತುಕೊಳ್ಳುವವರಿದ್ದೀರಿ. ಹೋಗುವ ಮೊದಲು ನೆನಪು ಅಂದರೆ ಏನು ಅಂತ ಒಂದು ತಾಸು ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ನಾನು ಮನಶ್ಶಾಸ್ತ್ರ ಕಲಿಸುವ ಮಾಸ್ತರ. ವ್ಯಾಖ್ಯೆಯಿಂದ ಶುರು ಮಾಡಿದರೆ ಅರ್ಧ ಮಂದಿ ತೂಕಡಿಸುತ್ತೀರಿ, ಅದು ನನಗೆ ಇಪ್ಪತ್ತೆಂಟು ವರ್ಷದ ಅನುಭವ. ಅದಕ್ಕೇ ನನ್ನದೇ ಒಂದು ನೆನಪು ಹೇಳ್ತೀನಿ, ಆಮೇಲೆ ಅದನ್ನು ನಿಮ್ಮೆದುರಿಗೇ ಬಿಚ್ಚಿ ಹಾಕ್ತೀನಿ.

1980ರ ಫೆಬ್ರವರಿ 16, ಶನಿವಾರ. ಶಿವರಾತ್ರಿ ಮುಗಿದ ಅಮಾವಾಸ್ಯೆ. ಅವತ್ತು ಸಂಪೂರ್ಣ ಸೂರ್ಯಗ್ರಹಣ. ಚಂದ್ರನ ನೆರಳು ಅರಬ್ಬಿ ಸಮುದ್ರ ದಾಟಿ ಅಂಕೋಲೆಯ ಕಡೆ ನೆಲ ಹತ್ತಿ, ನಮ್ಮ ಹುಬ್ಬಳ್ಳಿ, ಗದಗ, ಮುಂದೆ ರಾಯಚೂರು ಹಾಯ್ದು ಪೂರ್ವಕ್ಕೆ ಹೋಯಿತು. ದುರ್ಬೀನು ಹೊತ್ತುಕೊಂಡು ವಿಜ್ಞಾನಿಗಳು ನಮ್ಮ ಸೀಮೆಗೆ ಬಂದಿದ್ದರು. ನನಗೆ ಎಂಟು ವರ್ಷ. ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ನಮ್ಮದು ಮೇಲ್ಮುದ್ದಿ ಮನೆ, ಅಂದರೆ ಮಣ್ಣಿನ ಮಾಳಿಗೆಯದು. ಓಣಿಯ ಬಾಗಿಲೆಲ್ಲ ಮುಚ್ಚಿವೆ. ಅಜ್ಜಿ ನೀರಿನ ಕೊಡಕ್ಕೆ ದರ್ಭೆ ಹಾಕಿದ್ದಾಳೆ. ಅವ್ವನ ಕಣ್ಣು ತಪ್ಪಿಸಿ ನಾನು ನಿಚ್ಚಣಿಕೆ ಏರಿ ಮಾಳಿಗೆ ಮೇಲೆ ಹೋಗಿದ್ದೇನೆ. ಕೈಯಲ್ಲಿ ಚಿಮಣಿಯ ಮಸಿ ಹಿಡಿಸಿದ ಗಾಜಿನ ಚೂರು. (ಹಾಗೆ ನೋಡಬಾರದು ಅಂತ ಆಗ ಗೊತ್ತಿರಲಿಲ್ಲ, ನೀವ್ಯಾರೂ ಮಾಡಬೇಡಿ.) ನೆತ್ತಿಯ ಮೇಲಿನ ಸೂರ್ಯ ಕರ್ರಗಾಗುತ್ತಾನೆ. ಅಂಚಿನಲ್ಲಿ ಉಂಗುರದ ಹರಳಿನ ಹಾಗೆ ಫಳ್ ಅಂತ ಒಂದು ಹೊಳಪು. ಕಾಗೆಗಳು ಗದ್ದಲ ಮಾಡುತ್ತ ಬೇವಿನ ಗಿಡಕ್ಕೆ ಮರಳುತ್ತವೆ. ಕೆಳಗಿನಿಂದ ಅಜ್ಜಿ ನನ್ನ ಹೆಸರು ಹಿಡಿದು ಕೂಗುತ್ತಾಳೆ.

ಇದನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಚೆನ್ನಾಗಿ ಹೇಳ್ತೀನಿ. ಕಾಗೆ ಬರುವ ಜಾಗದಲ್ಲಿ ಸ್ವಲ್ಪ ತಡೆದು ಹೇಳಿದರೆ ಇಡೀ ತರಗತಿ ಗಪ್ಪಾಗುತ್ತದೆ ಅಂತಲೂ ಗೊತ್ತಾಗಿತ್ತು.

ಎಂಟು ವರ್ಷದ ಹಿಂದೆ ಅಣ್ಣನ ಮಗಳ ಲಗ್ನ. ಅರಿಷಿಣದ ದಿನ ಬೀಗರ ನಡುವೆ ಕೂತು ನಾನು ಮತ್ತೆ ಗ್ರಹಣ ತೆಗೆದೆ. ಕಾಗೆಯ ತನಕ ಬಂದಿದ್ದೆ. ಅಣ್ಣ ಚಹಾದ ಬಶಿ ಕೆಳಗಿಟ್ಟು ಹೇಳಿದ: "ನೀ ಎಲ್ಲಿದ್ದಿಯೋ ಮಾರಾಯಾ? ನೀ ಒಳಗ ಕೌದಿ ಹೊಚ್ಚಿಕೊಂಡು ಮಲಗಿದ್ದಿ. ಜ್ವರಾ ಬಂದಿತ್ತು ನಿನಗ. ಮಾಳಿಗಿ ಏರಿದಾಂವಾ ನಾನು. ಅಜ್ಜಿ ಒದರಿದ್ದು ನನ್ನ ಹೆಸರ ಹಿಡದು."

ಬೀಗರು ನಕ್ಕರು. ನಾನೂ ನಕ್ಕೆ. ರಾತ್ರಿ ನಿದ್ದೆ ಹತ್ತಲಿಲ್ಲ.

ಮರುವಾರ ನಾನು ತನಿಖೆಗೆ ಇಳಿದೆ. ಮೊದಲ ಏಟು ನನಗೇ ಬಿತ್ತು. ಅವತ್ತು ನಮ್ಮ ಕಡೆ ಸೂರ್ಯ ಪೂರ್ತಿ ಮುಚ್ಚಿದ್ದು ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ. ಫೆಬ್ರವರಿಯ ಆ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ ಇರುವುದಿಲ್ಲ, ಪಡುವಣಕ್ಕೆ ಚೆನ್ನಾಗಿ ವಾಲಿರುತ್ತಾನೆ. ನನ್ನ ನೆನಪಿನ ಸೂರ್ಯ ಹನ್ನೆರಡು ಗಂಟೆಯ ಸೂರ್ಯ. ಇನ್ನು ಆ ಹರಳಿನ ಹೊಳಪು. 1995ರ ಅಕ್ಟೋಬರ್ 24ಕ್ಕೆ ಉತ್ತರ ಭಾರತದಲ್ಲಿ ಸಂಪೂರ್ಣ ಗ್ರಹಣ ಆಯಿತು. ದೂರದರ್ಶನ ಅದನ್ನು ನೇರಪ್ರಸಾರ ಮಾಡಿತು. ನಾನೂ ಅಣ್ಣನೂ ಒಂದೇ ಕೋಣೆಯಲ್ಲಿ ಕೂತು ನೋಡಿದ್ದೆವು. ವಜ್ರದುಂಗುರ ಅನ್ನುವ ಮಾತು ನಾನು ಕಲಿತದ್ದೇ ಆವಾಗ. ಹದಿನೈದು ವರ್ಷದ ನಂತರ ಕಂಡ ಹರಳನ್ನು ಹಿಂದಕ್ಕೆ ಒಯ್ದು ಹುಬ್ಬಳ್ಳಿಯ ಮಾಳಿಗೆ ಮೇಲೆ ಕೂರಿಸಿದ್ದೇನೆಯೋ ಏನೋ, ಬೇರೆ ಮಾಡಿ ತೋರಿಸುವ ದಾರಿ ನನ್ನ ಹತ್ತಿರ ಇಲ್ಲ.

ಹಾಗಂತ ಅಣ್ಣ ಗೆದ್ದ ಅಂತೇನೂ ಅಲ್ಲ. ಅವನ ನೆನಪಿನಲ್ಲಿ ಅವತ್ತು ಸಂಜೆ ಮಗ್ಗುಲ ಮನೆಯ ಟಿವಿಯಲ್ಲಿ ಗ್ರಹಣ ತೋರಿಸಿದ್ದರಂತೆ. 1980ರಲ್ಲಿ ಹುಬ್ಬಳ್ಳಿಯಲ್ಲಿ ಎಲ್ಲಿಯ ಟಿವಿ? ಬೆಂಗಳೂರು ದೂರದರ್ಶನವೇ ಶುರುವಾದದ್ದು 1981ರಲ್ಲಿ.

ಕಡೆಗೆ ಅಪ್ಪನ ಖರ್ಚಿನ ಪುಸ್ತಕ ಸಿಕ್ಕಿತು. ಅಪ್ಪ ಬೆಂಕಿಪೆಟ್ಟಿಗೆ ಕೊಂಡರೂ ಬರೆದಿಡುವ ಮನುಷ್ಯ. ಫೆಬ್ರವರಿ 15ರ ಕೆಳಗೆ ಒಂದು ಸಾಲು: "ಹುಡುಗನ ಜ್ವರ, ಡಾಕ್ಟರ ಫೀ ಮತ್ತು ಗುಳಿಗೆ." ಮನೆಯಲ್ಲಿ ಇಬ್ಬರು ಹುಡುಗರು. ಯಾವ ಹುಡುಗ ಅಂತ ಬರೆಯುವ ಅಗತ್ಯ ಅಪ್ಪನಿಗೆ ಯಾಕೆ ಕಂಡೀತು, ಹೇಳಿ.

ಇದು ನಮ್ಮ ಮನೆಯ ವಿಚಿತ್ರ ಅಂದುಕೊಂಡಿದ್ದೆ. ಅಲ್ಲ. 2001ರಲ್ಲಿ ನ್ಯೂಜಿಲೆಂಡಿನ ಇಬ್ಬರು ಮತ್ತು ಅಮೆರಿಕದ ಡೇವಿಡ್ ರೂಬಿನ್ ಸೇರಿ ಅವಳಿಗಳನ್ನು ಕೂರಿಸಿ ಹಳೆಯ ನೆನಪು ಕೆದಕಿಸಿದರು. ಮರದಿಂದ ಬಿದ್ದದ್ದು ನಾನು, ಅಲ್ಲ ನಾನು ಅಂತ ಇಬ್ಬರೂ ಒಂದೇ ಘಟನೆಗೆ ಹಕ್ಕು ಸಾಧಿಸುವಂಥ ಜಗಳ ಅಲ್ಲಿ ಮತ್ತೆ ಮತ್ತೆ ಎದ್ದಿತು. ಇಬ್ಬರಿಗೂ ಆ ದೃಶ್ಯ ಸ್ಪಷ್ಟ. ಅವಳಿ ಅಲ್ಲದ ಒಡಹುಟ್ಟಿದವರಲ್ಲೂ ಇಂಥದ್ದು ಸಿಕ್ಕಿತು. ಹೊಲದ ಬದುವಿಗೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುವುದನ್ನು ಧಾರವಾಡದವರಾದ ನಾವು ಕಂಡಿದ್ದೇವೆ. ನೆನಪಿನ ಬದುವಿಗೆ ಮಾತ್ರ ಸರ್ವೇ ನಂಬರು ಇಲ್ಲ. ಮನೆಯಲ್ಲಿ ಯಾರು ಚೆನ್ನಾಗಿ ಹೇಳುತ್ತಾರೋ ಅವರ ಹೆಸರಿಗೆ ಹೊಲ ಹೋಗುತ್ತದೆ. ನಮ್ಮ ಮನೆಯಲ್ಲಿ ಹೇಳುವವನು ನಾನು.

ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ ಅಂತ ಬೇಕಾದರೆ ಈಗಲೇ ಹೇಳಿಬಿಡ್ತೀನಿ: ನಮಗೆ ನೆನಪಿರುವುದು ಬಹಳ ಸಲ ಆ ಘಟನೆಯಲ್ಲ, ಅದನ್ನು ನಾವು ಕಳೆದ ಸಲ ಹೇಳಿದ ರೀತಿ. ಉಳಿದ ಹೊತ್ತೆಲ್ಲ ಇದಕ್ಕೆ ಸಾಕ್ಷಿ ಹಾಕುವುದು.

ನಮ್ಮಲ್ಲಿ ಒಂದು ಮಾತಿದೆ, "ಕಣ್ಣಿಗೆ ಕಟ್ಟಿದಂಗ ಐತ್ರಿ". ನೀವು ಊರಿಗೆ ಹೋದ ಮೊದಲ ದಿನವೇ ಇದನ್ನು ಕೇಳುತ್ತೀರಿ. ಕೇಳಿದ ಕೂಡಲೇ ಇದು ಖರೆ ಅಂತ ಬರೆದುಕೊಳ್ಳುತ್ತೀರಿ. 1977ರಲ್ಲಿ ಬ್ರೌನ್ ಮತ್ತು ಕುಲಿಕ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರೂ ಹೆಚ್ಚುಕಡಿಮೆ ಹಾಗೇ ಅಂದುಕೊಂಡರು. ಅಮೆರಿಕದ ಅಧ್ಯಕ್ಷ ಕೆನಡಿ 1963ರಲ್ಲಿ ಕೊಲೆಯಾದ ಸುದ್ದಿ ಕೇಳಿದಾಗ ನೀವು ಎಲ್ಲಿದ್ದಿರಿ, ಯಾರು ಹೇಳಿದರು ಅಂದರೆ ಹದಿಮೂರು ವರ್ಷದ ಮೇಲೂ ಜನ ತಡವರಿಸದೆ ಹೇಳುತ್ತಿದ್ದರು. ಅಂಥ ಆಘಾತದ ಹೊತ್ತಿಗೆ ಮನಸ್ಸು ಫ್ಲ್ಯಾಶ್ ಹೊಡೆದು ಫೋಟೊ ತೆಗೆದಂತೆ ಹಿಡಿದಿಡುತ್ತದೆ, ಹಾಗಾಗಿ ಇವು "ಫ್ಲ್ಯಾಶ್‌ಬಲ್ಬ್" ನೆನಪುಗಳು ಅಂತ ಅವರು ಹೆಸರಿಟ್ಟರು. ಇಂದಿರಾ ಗಾಂಧಿಯವರ ಹತ್ಯೆಯ ಸುದ್ದಿ ಬಂದ 1984ರ ಅಕ್ಟೋಬರ್ 31ರ ಬಗ್ಗೆ ಹಿಂದಿನ ಸಾಲಿನ ಹಿರಿಯರನ್ನು ಈಗಲೇ ಕೇಳಿ, ಯಾವ ಅಂಗಡಿಯ ಮುಂದೆ ನಿಂತಿದ್ದೆ ಅಂತ ಹೇಳ್ತಾರೆ. ನೋಡ್ರಿ, ಆಗಲೇ ಇಬ್ಬರು ತಲೆ ಅಲ್ಲಾಡಿಸಿದರು.

ಉಲ್ರಿಕ್ ನೈಸರ್ ಅಂತ ಇನ್ನೊಬ್ಬ ಮನಶ್ಶಾಸ್ತ್ರಜ್ಞರಿಗೆ ಇದು ಸರಿ ಕಾಣಲಿಲ್ಲ. 1986ರ ಜನವರಿ 28ಕ್ಕೆ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ ಸ್ವಲ್ಪ ಹೊತ್ತಿಗೆ ಆಕಾಶದಲ್ಲೇ ಚೂರಾಗಿ ಏಳೂ ಮಂದಿ ಸತ್ತರು. ಮರುದಿನ ಮುಂಜಾನೆ ನೈಸರ್ ತಮ್ಮ ವಿದ್ಯಾರ್ಥಿಗಳಿಗೆ ಕಾಗದ ಹಂಚಿದರು: ಸುದ್ದಿ ಹೇಗೆ ಗೊತ್ತಾಯಿತು, ಎಲ್ಲಿದ್ದಿರಿ, ಯಾರ ಜೊತೆ ಇದ್ದಿರಿ, ಎಲ್ಲ ಬರೆಯಿರಿ. 106 ಜನ ಬರೆದುಕೊಟ್ಟರು. ಕಾಗದ ಕಟ್ಟಿಟ್ಟರು. ಎರಡೂವರೆ ವರ್ಷದ ಮೇಲೆ ಅವರಲ್ಲಿ 44 ಜನರಿಗೆ ಅದೇ ಪ್ರಶ್ನೆ ಮತ್ತೆ ಕೊಟ್ಟರು. ಏಳಕ್ಕೆ ಅಂಕ. ಏಳಕ್ಕೆ ಏಳು ಬಂದವರು ಮೂರು ಜನ. ಸೊನ್ನೆ ಬಂದವರು ಹನ್ನೊಂದು. ಸರಾಸರಿ ಮೂರಕ್ಕಿಂತ ಕಡಿಮೆ. ಮೊದಲ ದಿನದ ಕಾಗದದಲ್ಲಿ ಸುದ್ದಿ ಮೊದಲು ಟಿವಿಯಲ್ಲಿ ನೋಡಿದೆ ಅಂದವರು ನೂರಕ್ಕೆ 21. ಎರಡೂವರೆ ವರ್ಷದ ನಂತರ ಅವರು ನೂರಕ್ಕೆ 45 ಆಗಿದ್ದರು! ಆಮೇಲೆ ಹಗಲೆಲ್ಲ ಟಿವಿಯಲ್ಲಿ ನೋಡಿದ ಆ ಹೊಗೆ, ಯಾರೋ ಗೆಳೆಯ ಬಂದು ಬಾಗಿಲಲ್ಲಿ ಹೇಳಿದ ಮಾತನ್ನು ನುಂಗಿಬಿಟ್ಟಿತ್ತು. ನಮ್ಮಣ್ಣನ ಟಿವಿ ಎಲ್ಲಿಂದ ಬಂತು ಅಂತ ಈಗ ನಿಮಗೂ ಅಂದಾಜು ಹತ್ತಿರಬೇಕು.

ಮುಂದಿನದೇ ನನಗೆ ಬಹಳ ಕಾಡಿದ ಭಾಗ. ಅವರವರ ಕೈಬರಹದ ಹಳೆಯ ಕಾಗದ ತೆಗೆದು ಅವರ ಮುಂದೆ ಇಟ್ಟರು. ಓಹೋ ಹೌದಲ್ಲ ಅಂತ ಹಳೆಯ ನೆನಪು ಮರಳುತ್ತದೆ ಅಂತ ನೈಸರ್ ಕಾದಿದ್ದರು. ಮರಳಲಿಲ್ಲ. ಬರಹ ತನ್ನದೇ ಅಂತ ಕಣ್ಣು ಒಪ್ಪುತ್ತದೆ, ಒಳಗಿನ ಚಿತ್ರ ಜಾಗ ಬಿಡುವುದಿಲ್ಲ. ಮುಂದೆ 2001ರ ಸೆಪ್ಟೆಂಬರ್ 11ರ ದಾಳಿಯ ಮರುದಿನ ಇನ್ನೊಂದು ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಂದ ದಾಳಿಯ ಸುದ್ದಿ ಕೇಳಿದ ನೆನಪನ್ನೂ ಅದೇ ವಾರದ ಒಂದು ಮಾಮೂಲಿ ನೆನಪನ್ನೂ ಬರೆಸಿಕೊಂಡರು. ತಿಂಗಳು ಕಳೆದಂತೆ ಎರಡೂ ಒಂದೇ ಪ್ರಮಾಣದಲ್ಲಿ ಸವೆದವು. ಸವೆಯದೆ ಉಳಿದದ್ದು ದಾಳಿಯ ನೆನಪಿನ ಮೇಲಿನ ನಂಬಿಕೆ. ಅಂದರೆ ಕಣ್ಣಿಗೆ ಕಟ್ಟಿದೆ ಅನ್ನುವುದು ಆ ನೆನಪು ಅವರಿಗೆ ಎಷ್ಟು ಮುಖ್ಯ ಅನ್ನುವುದಕ್ಕೆ ಸಾಕ್ಷಿ, ಹಾಗೇ ನಡೆಯಿತು ಅನ್ನುವುದಕ್ಕಲ್ಲ.

ಯಾಕೆ ಹೀಗೆ? ಮೆದುಳಿನಲ್ಲಿ ಕಪಾಟು ಇದ್ದು ಅದರಲ್ಲಿ ಫೈಲು ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್ಲೆಟ್ 1932ರಷ್ಟು ಹಿಂದೆಯೇ ಇದನ್ನು ಹೇಳಿದ್ದರು. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಜನಪದ ಕತೆಯನ್ನು ಇಂಗ್ಲೆಂಡಿನವರಿಗೆ ಓದಲು ಕೊಟ್ಟು, ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಹೇಳಿಸಿದರು. ಕತೆಯಲ್ಲಿದ್ದ ತೊಗಟೆದೋಣಿ ಬರೀ ದೋಣಿ ಆಯಿತು. ಕಡಲುನಾಯಿಯ ಬೇಟೆ ಮೀನು ಹಿಡಿಯುವುದಾಯಿತು. ತಮಗೆ ಅರ್ಥವಾಗದ್ದನ್ನು ಬಿಟ್ಟು, ಅರ್ಥವಾಗುವ ಹಾಗೆ ತೇಪೆ ಹಾಕಿ ಕತೆಯನ್ನು ತಮ್ಮ ಊರಿನದಾಗಿಸಿಕೊಂಡಿದ್ದರು, ಮತ್ತೆ ಯಾರೂ ಬೇಕೂಂತ ಮಾಡಿದ್ದಲ್ಲ. ನಮಗೆ ಇದನ್ನು ತಿಳಿಯಲು ಕೇಂಬ್ರಿಜ್ಜೇ ಬೇಕಿಲ್ಲ. ದೊಡ್ಡಾಟ ನೋಡಿದವರು ಬಲ್ಲಿರಿ. ಪ್ರಸಂಗ ಅದೇ, ಪಾತ್ರ ಅದೇ, ಆದರೆ ಯಾವ ಎರಡು ರಾತ್ರಿಯ ಆಟವೂ ಒಂದೇ ಅಲ್ಲ. ಮುಂದೆ ಕೂತವರು ನಕ್ಕ ಜಾಗದಲ್ಲಿ ಮಾತು ಬೆಳೆಯುತ್ತದೆ, ಆಕಳಿಸಿದ ಜಾಗದಲ್ಲಿ ಕುಗ್ಗುತ್ತದೆ. ನನ್ನ ಗ್ರಹಣದಲ್ಲಿ ಕಾಗೆ ಬೆಳೆದದ್ದು ಹಾಗೆ.

ಮೆದುಳಿನ ಕಡೆಯಿಂದ ಎರಡೇ ಮಾತು. ಎಚ್.ಎಂ. ಅನ್ನುವ ಹೆಸರಿನಿಂದ ಪ್ರಸಿದ್ಧನಾದ ರೋಗಿಗೆ 1953ರಲ್ಲಿ ಅಪಸ್ಮಾರ ಕಡಿಮೆ ಮಾಡಲೆಂದು ಮೆದುಳಿನ ಎರಡೂ ಬದಿಯ, ಹಿಪ್ಪೊಕ್ಯಾಂಪಸ್ ಅನ್ನುವ ಭಾಗವನ್ನು ತೆಗೆದರು. ಅಲ್ಲಿಂದ 2008ರಲ್ಲಿ ಸಾಯುವ ತನಕ ಅವನಿಗೆ ಹೊಸ ಘಟನೆ ಯಾವುದೂ ನೆನಪಾಗಿ ನಿಲ್ಲಲಿಲ್ಲ. ಅನುಭವದ ಚೂರುಗಳನ್ನು, ಅಂದರೆ ಬಣ್ಣ, ದನಿ, ಜಾಗ, ಹೆದರಿಕೆ ಇವನ್ನು ಒಂದು ದಾರಕ್ಕೆ ಪೋಣಿಸುವ ಕೆಲಸ ಅಲ್ಲಿ ನಡೆಯುತ್ತದೆ ಅಂತ ತಿಳಿದದ್ದು ಇಂಥವರಿಂದ. ಎರಡನೆಯದು, 2000ದಲ್ಲಿ ಕರೀಂ ನಾದರ್ ಮತ್ತು ಸಂಗಡಿಗರು ಇಲಿಗಳ ಮೇಲೆ ಮಾಡಿದ ಪ್ರಯೋಗ. ಒಂದು ಸದ್ದು ಕೇಳಿದರೆ ಹೆದರುವುದನ್ನು ಇಲಿಗೆ ಕಲಿಸಿದರು. ಆ ನೆನಪು ಗಟ್ಟಿಯಾದ ಮೇಲೆ, ಮತ್ತೆ ಸದ್ದು ಕೇಳಿಸಿ, ಮೆದುಳಿಗೆ ಪ್ರೋಟೀನ್ ತಯಾರಾಗದಂತೆ ತಡೆಯುವ ಮದ್ದು ಕೊಟ್ಟರು. ಹೆದರಿಕೆ ಮಾಯವಾಯಿತು. ಸದ್ದು ಕೇಳಿಸದೆ ಬರೀ ಮದ್ದು ಕೊಟ್ಟರೆ ಏನೂ ಆಗಲಿಲ್ಲ. ಅಂದರೆ ಹೊರಗೆ ತೆಗೆದ ನೆನಪು ಸ್ವಲ್ಪ ಹೊತ್ತು ಹಸಿಯಾಗಿರುತ್ತದೆ, ಮತ್ತೆ ಒಣಗಬೇಕು. ಇಲಿಯಿಂದ ಮನುಷ್ಯನಿಗೆ ಒಂದೇ ನೆಗೆತಕ್ಕೆ ಹಾರಬಾರದು, ಆ ಎಚ್ಚರಿಕೆ ಇರಲಿ. ಆದರೂ ಧಾರವಾಡದಲ್ಲಿ ನಿಂತು ಶಬ್ದದ ಜೊತೆ ಸ್ವಲ್ಪವೂ ಆಡದಿದ್ದರೆ ಹೇಗೆ? ನೆನೆಯುವುದು ಅಂದರೆ ನಮಗೆ ನೆನಪು ಮಾಡಿಕೊಳ್ಳುವುದೂ ಹೌದು, ನೀರಲ್ಲಿ ತೊಯ್ಯುವುದೂ ಹೌದು. ಮೂಲ ಒಂದೇ ಅಂತ ನಾನು ವಾದಿಸುವುದಿಲ್ಲ, ಭಾಷಾವಿಜ್ಞಾನದವರು ಇಲ್ಲೇ ಕೂತಿದ್ದಾರೆ. ರಾತ್ರಿ ನೆನೆಹಾಕಿದ ಕಡಲೆ ಮುಂಜಾನೆ ಎಷ್ಟು ಉಬ್ಬಿರುತ್ತದೆ ಅನ್ನುವುದನ್ನಷ್ಟೇ ನೆನೆಯಿರಿ.

ಈಗ ನಿಮ್ಮ ಕೆಲಸಕ್ಕೆ ಬರ್ತೀನಿ. ನೀವು ಮಾಡುವ ಮೊದಲ ತಪ್ಪು ಯಾವುದು ಗೊತ್ತೇನು? "ಅಜ್ಜಾರ, ಇದು ಯಾವ ಇಸವಿ?"

ನೆದರ್ಲೆಂಡ್ಸಿನ ವಿಲ್ಲೆಮ್ ವಾಗನಾರ್ ಅನ್ನುವ ಮನಶ್ಶಾಸ್ತ್ರಜ್ಞ ಆರು ವರ್ಷ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡ. ದಿನಕ್ಕೊಂದರ ಲೆಕ್ಕದಲ್ಲಿ ಸುಮಾರು 2400 ಘಟನೆ ಬರೆದಿಟ್ಟ: ಏನಾಯಿತು, ಯಾರಿದ್ದರು, ಎಲ್ಲಿ, ಯಾವಾಗ. ಆಮೇಲೆ ಒಂದೊಂದೇ ಸುಳಿವು ನೋಡಿಕೊಂಡು ಉಳಿದದ್ದು ನೆನಪಾಗುತ್ತದೆಯೇ ಅಂತ ಪರೀಕ್ಷಿಸಿಕೊಂಡ. "ಏನು" ಅನ್ನುವುದು ಎಲ್ಲಕ್ಕಿಂತ ಒಳ್ಳೆಯ ಹಿಡಿಕೆ. "ಯಾರು", "ಎಲ್ಲಿ" ಅದರ ಹಿಂದೆ. "ಯಾವಾಗ" ಒಂದನ್ನೇ ಹಿಡಿದು ಎಳೆದರೆ ಏನೂ ಮೇಲೆ ಬರುವುದಿಲ್ಲ. ನಮ್ಮ ಹಿರಿಯರಿಗಂತೂ ತಾರೀಖು ಅಂದರೆ ಸರ್ಕಾರಿ ಕಾಗದದ ಸಂಗತಿ. ನಮ್ಮ ಸೀಮೆಯ ಎಷ್ಟು ಮಂದಿ ಹುಟ್ಟಿದ್ದು ಜೂನ್ 1ಕ್ಕೆ ಅಂತ ಎಂದಾದರೂ ಎಣಿಸಿದ್ದೀರೇನು? ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಕೊಟ್ಟ ಹುಟ್ಟುಹಬ್ಬ ಅದು.

ಹಾಗಾದರೆ ಕಾಲ ಹೇಗೆ ಹಿಡಿಯಬೇಕು? ಅವರದೇ ಗೂಟಗಳಿಗೆ ಕಟ್ಟಿ. ನವಲಗುಂದ, ನರಗುಂದದಲ್ಲಿ ಬಂಡಾಯ ಅಂದರೆ ಸಾಕು, 1980ರ ಜುಲೈ 21 ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮಲಪ್ರಭಾ ನೀರಿನ ಕರದ ವಿರುದ್ಧ ರೈತರು ಎದ್ದು, ಗೋಲಿಬಾರ್ ಆಗಿ ಜೀವ ಹೋದ ದಿನ ಅದು. "ನಿಮ್ಮ ಮಗಳ ಲಗ್ನ ಬಂಡಾಯಕ್ಕಿಂತ ಮೊದಲೋ ಆಮೇಲೋ?" ಅಂತ ಕೇಳಿ, ಅಜ್ಜ ಕಣ್ಣು ಮುಚ್ಚಿ ಹೇಳ್ತಾನೆ. 1972ರ ಬರ ಇನ್ನೊಂದು ದೊಡ್ಡ ಗೂಟ. ಕೆಲವರಿಗೆ ಗ್ರಹಣವೂ. ಆದರೆ ಅವರು "ಆಗ ನಮ್ಮ ಗದಗ ಜಿಲ್ಲಾದಾಗ" ಅಂದರೆ ಕಿವಿ ನಿಮಿರಲಿ. 1980ರಲ್ಲಿ ಗದಗ ಜಿಲ್ಲೆ ಇರಲಿಲ್ಲ, ಹಾವೇರಿಯೂ ಇರಲಿಲ್ಲ, 1997ರ ತನಕ ಎಲ್ಲ ಧಾರವಾಡವೇ. ಅವರು ಸುಳ್ಳು ಹೇಳುತ್ತಿಲ್ಲ. ಹಳೆಯ ಮನೆಗೆ ಹೊಸ ಸುಣ್ಣ ಬಿದ್ದಿದೆ, ಅಷ್ಟೇ.

ಗೂಟದ ಉಪಾಯ ನನ್ನ ಸ್ವಂತದ್ದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಮತ್ತು ಸಂಗಡಿಗರೊಬ್ಬರು 1983ರಲ್ಲಿ ಇದನ್ನು ತೋರಿಸಿದರು. "ಕಳೆದ ಆರು ತಿಂಗಳಲ್ಲಿ ನಿಮಗೆ ಹೀಗೆ ಹೀಗೆ ಆಯಿತೇ" ಅಂತ ಕೇಳಿದರೆ ಜನ ಅದಕ್ಕಿಂತ ಹಳೆಯ ಸಂಗತಿಯನ್ನೂ ಎಳೆದು ತಂದು ಆರು ತಿಂಗಳೊಳಗೆ ಸೇರಿಸುತ್ತಿದ್ದರು. "ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಸಿಡಿದಂದಿನಿಂದ" ಅಂತ ಕೇಳಿದಾಗ ಆ ಎಳೆದಾಟ ಕಡಿಮೆಯಾಯಿತು. ಹಳೆಯದು ಹತ್ತಿರ ಬಂದು ನಿಲ್ಲುವ ಈ ಭ್ರಮೆಗೆ ಇಂಗ್ಲಿಷಿನವರು ದುರ್ಬೀನಿನ ಹೆಸರಿಟ್ಟಿದ್ದಾರೆ. ನಾವು "ನಿನ್ನೆ ಮೊನ್ನೆ ಆದಂಗ ಐತಿ" ಅಂತೇವೆ.

ಎರಡನೆಯ ತಪ್ಪು ಪ್ರಶ್ನೆಯೊಳಗೇ ಉತ್ತರ ಇಡುವುದು. ಇದನ್ನೂ ಲಾಫ್ಟಸ್ ಅವರೇ ತೋರಿಸಿದ್ದು, 1974ರಲ್ಲಿ. ಕಾರುಗಳ ಅಪಘಾತದ ಚಿಕ್ಕ ಚಲನಚಿತ್ರ ತೋರಿಸಿ ವೇಗ ಎಷ್ಟಿತ್ತು ಅಂತ ಕೇಳಿದರು. ಬದಲಾಯಿಸಿದ್ದು ಒಂದು ಕ್ರಿಯಾಪದ ಮಾತ್ರ. ಕಾರು ಕಾರಿಗೆ "ತಾಗಿದಾಗ" ಅಂದರೆ ಸರಾಸರಿ ಉತ್ತರ ಗಂಟೆಗೆ 31.8 ಮೈಲಿ. "ಅಪ್ಪಳಿಸಿದಾಗ" ಅಂದರೆ 40.8. ಇನ್ನೊಂದು ಗುಂಪಿಗೆ ಚಿತ್ರ ತೋರಿಸಿ, ಹಾಗೇ ವೇಗ ಕೇಳಿ, ಒಂದು ವಾರ ಬಿಟ್ಟು ಮತ್ತೆ ಕೇಳಿದರು: ಒಡೆದ ಗಾಜು ಕಂಡಿರೇನು? ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. "ಬಡಿದಾಗ" ಅನ್ನುವ ಪ್ರಶ್ನೆ ಕೇಳಿಸಿಕೊಂಡ 50 ಜನರಲ್ಲಿ 7 ಮಂದಿ ಕಂಡೆ ಅಂದರು. "ಅಪ್ಪಳಿಸಿದಾಗ" ಕೇಳಿಸಿಕೊಂಡ 50ರಲ್ಲಿ 16 ಮಂದಿ ಕಂಡಿದ್ದರು.

ಈ ತಪ್ಪು ನಾನೇ ಮಾಡಿದ್ದೇನೆ. ಅಜ್ಜಿ ಇನ್ನೂ ಇದ್ದಾಗ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಕೇಳಿದೆ: "ಅಜ್ಜಿ, ಗ್ರಹಣದ ದಿನ ನಿನಗ ಭಾಳ ಹೆದರಿಕಿ ಆಗಿತ್ತಲ್ಲ?" "ಹೂಂನಪಾ, ಭಾಳ ಹೆದರಿಕಿ ಆಗಿತ್ತು" ಅಂದಳು. ಅಷ್ಟೇ. ಕ್ಯಾಸೆಟ್ಟಿನಲ್ಲಿ ಮುಂದೆ ನನ್ನದೇ ಮಾತು ತುಂಬಿದೆ. ಆರು ತಿಂಗಳ ಮೇಲೆ ಸುಮ್ಮನೆ ಪಡಸಾಲೆಯಲ್ಲಿ ಕೂತಾಗ ಟೇಪೂ ಇಲ್ಲ, ಏನೂ ಇಲ್ಲ, "ಅವತ್ತ ನೀ ಏನ ಮಾಡಲಿಕ್ಕೆ ಹತ್ತಿದ್ದಿ?" ಅಂದೆ. ಅಜ್ಜಿ ಕೈಯಿಂದ ಗಾಳಿಯಲ್ಲಿ ಎಳೆ ಎಳೆದು ತೋರಿಸಿದಳು. "ಶ್ಯಾವಿಗಿ ಹಾಕಿದ್ವಿ. ಮುಂಜಾನಿಂದ ಕೋಲಿನ ಮ್ಯಾಲೆ ಒಣಾ ಹಾಕಿದ್ದು. ಗ್ರಾಣದ ನೆಳ್ಳು ಬಿದ್ದರ ತಿನ್ನಬಾರದಂತ ನಿಮ್ಮಜ್ಜ ಅಂದ. ಮೂರು ಸೇರಿನ ಶ್ಯಾವಿಗಿ! ನಾ ಅದನ್ನ ಒಳಗ ತರೂದ ನೋಡ್ಲೋ, ನಿಮ್ಮನ್ನ ನೋಡ್ಲೋ?" ಹೆದರಿಕೆಯ ಸುದ್ದಿಯೇ ಇಲ್ಲ. ಹುಡುಗರ ಸುದ್ದಿಯೂ ಇಲ್ಲ ಅನ್ನಿ. ಯಾರ ಹೆಸರು ಹಿಡಿದು ಕೂಗಿದಳೋ ಕೇಳಬೇಕೆಂದು ನನಗೆ ಆಗ ಹೊಳೆಯಲಿಲ್ಲ, ಯಾಕೆಂದರೆ ನನಗೆ ಆಗ ಅನುಮಾನವೇ ಇರಲಿಲ್ಲ.

ಏನು ಮಾಡ್ತಿದ್ರಿ, ಕೈಯಲ್ಲಿ ಏನಿತ್ತು, ಯಾವ ವಾಸನೆ ಇತ್ತು, ಆಮೇಲೆ? ಇಷ್ಟೇ ಸಾಕು. ವಾಸನೆ ಕೇಳಲು ಮರೆಯಬೇಡಿ. ಬ್ಯಾಡಗಿ ಮಾರುಕಟ್ಟೆಯಲ್ಲಿ ದುಡಿದವರಿಗೆ ಒಂದು ಮೆಣಸಿನಕಾಯಿ ಮುರಿದು ಕೊಟ್ಟು ನೋಡಿ. ವಾಸನೆ ತೆರೆಯುವ ನೆನಪುಗಳು ಹೆಚ್ಚಾಗಿ ಚಿಕ್ಕಂದಿನವು, ಮಾತಿನಿಂದ ಕೆದಕಿದರೆ ಬರುವುದಕ್ಕಿಂತ ಹಳೆಯವು. ಬಹಳ ಸಲ ಹೇಳಿ ಹೇಳಿ ಸವೆಸಿರದ ನೆನಪುಗಳೂ ಅವೇ ಅಂತ ನನ್ನ ಅನಿಸಿಕೆ. ಇನ್ನು "ನಾನು ತೊಟ್ಟಿಲಲ್ಲಿ ಇದ್ದದ್ದು ನೆನಪೈತಿ" ಅನ್ನುವವರು ಸಿಗುತ್ತಾರೆ. ಮೂರು, ಮೂರೂವರೆ ವರ್ಷಕ್ಕಿಂತ ಹಿಂದಿನದು ಸಾಮಾನ್ಯವಾಗಿ ಯಾರಿಗೂ ನೆನಪಿರುವುದಿಲ್ಲ. ಅವರಿಗೆ ಎದುರು ಮಾತಾಡಬೇಡಿ, ಬರೆದುಕೊಳ್ಳಿ. ಆ ತೊಟ್ಟಿಲನ್ನು ಅವರಿಗೆ ಹೇಳಿದ ಅವ್ವನ ದನಿ ಅದರೊಳಗಿರುತ್ತದೆ.

ಎಲ್ಲರೂ ನಿಮಗೆ "ನಮ್ಮ ಕಾಲದ ಧಾರವಾಡ" ಹೇಳುತ್ತಾರೆ. ಇದು ನನಗೆ ಬಹಳ ಪ್ರೀತಿಯ ವಿಷಯ. ಎಂಬತ್ತರ ಹಿರಿಯರ ಪ್ರಕಾರ ನಿಜವಾದ ಧಾರವಾಡ 1960ರ ಸುಮಾರಿಗೆ ಇತ್ತು. ಆಗ ಮಳೆ ಹಿಡಿದರೆ ಬಿಡುತ್ತಿರಲಿಲ್ಲ, ಸಾಧನಕೇರಿ ತುಂಬಿರುತ್ತಿತ್ತು. ನನ್ನ ಪ್ರಕಾರ ಅದು 1990ರಲ್ಲಿತ್ತು, ಪೇಢೆಗೆ ಆಗಿನ ರುಚಿ ಈಗ ಇಲ್ಲ. ನನ್ನ ವಿದ್ಯಾರ್ಥಿಗಳು, ಮೂವತ್ತೂ ದಾಟದವರು, ಮೊನ್ನೆ ಹೇಳಿದರು: "ಸರ್, ನಾವು ಹಾಸ್ಟೆಲಿನಾಗಿದ್ದಾಗಿನ ಧಾರವಾಡ ಈಗಿಲ್ಲ ಬಿಡ್ರಿ." ಗಣಿತ ಮಾಡಿ ನೋಡಿ, ಪ್ರತಿಯೊಬ್ಬರ ಖರೆ ಧಾರವಾಡ ಅವರ ಇಪ್ಪತ್ತರ ಆಸುಪಾಸಿನದು. ನಡುವಯಸ್ಸು ದಾಟಿದವರಿಗೆ ಯಾವುದೋ ಒಂದು ಶಬ್ದ ಕೊಟ್ಟು, ಅದರಿಂದ ಹೊಳೆಯುವ ನೆನಪು ಹೇಳಿ ಅಂದರೆ, ತೀರ ಇತ್ತೀಚಿನವನ್ನು ಬಿಟ್ಟರೆ, ಹತ್ತರಿಂದ ಮೂವತ್ತು ವಯಸ್ಸಿನೊಳಗಿನ ನೆನಪುಗಳೇ ಗುಡ್ಡದ ಹಾಗೆ ಎತ್ತರಕ್ಕೆ ರಾಶಿ ಬೀಳುತ್ತವೆ. 1986ರಲ್ಲಿ ರೂಬಿನ್ ಮತ್ತು ಸಂಗಡಿಗರು ಬೇರೆ ಬೇರೆ ಅಧ್ಯಯನ ಒಟ್ಟುಗೂಡಿಸಿ ಈ ಗುಡ್ಡ ತೋರಿಸಿದರು. ಮೊದಲ ಕೆಲಸ, ಮೊದಲ ಪ್ರೀತಿ, ಮೊದಲ ಬಾಡಿಗೆ ಕೋಣೆ ಎಲ್ಲ ಆಗಲೇ ಆಗುವುದರಿಂದ ಅನ್ನುತ್ತಾರೆ ಕೆಲವರು. ನಾನು ಯಾರು ಅನ್ನುವುದು ಆಗ ಗಟ್ಟಿಯಾಗುತ್ತದೆ, ಹಾಗಾಗಿ ಅನ್ನುತ್ತಾರೆ ಇನ್ನು ಕೆಲವರು. ನಿಮಗೆ ಇದರಿಂದ ಬರುವ ಕೆಲಸ: ನಲವತ್ತರಿಂದ ಅರವತ್ತರ ನಡುವಿನ ಬದುಕನ್ನು ಯಾರೂ ತಾವಾಗಿ ಹೇಳುವುದಿಲ್ಲ, ಮಕ್ಕಳ ಫೀ, ಸಾಲ, ಮಂಡಿನೋವು ಅಂತ ದಾಟಿಸಿಬಿಡುತ್ತಾರೆ. ಅಲ್ಲಿ ಕೂತು ಕೇಳಬೇಕು.

ಇಷ್ಟು ಕೇಳಿದ ಮೇಲೆ ಒಬ್ಬ ಹುಡುಗ ಹೋದ ವರ್ಷ ಕೇಳಿದ, "ಹಂಗಾರ ನೆನಪು ನಂಬಬಾರದೇನ್ರಿ ಸರ್?" ನಂಬದೆ ಏನು ಮಾಡ್ತೀ? ಎಂಡೆಲ್ ಟಲ್ವಿಂಗ್ ಕೆನಡಾದಲ್ಲಿ ಅಭ್ಯಾಸ ಮಾಡಿದ ಕೆ.ಸಿ. ಅನ್ನುವ ವ್ಯಕ್ತಿಗೆ 1981ರಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ತಲೆಗೆ ಏಟಾಯಿತು. ಆಮೇಲೆ ಅವನಿಗೆ ಚದುರಂಗ ಆಡಲು ಬರುತ್ತಿತ್ತು, ತನ್ನ ಮನೆ ಯಾವುದು ಅಂತ ಗೊತ್ತಿತ್ತು, ಆದರೆ ಆ ಮನೆಯಲ್ಲಿ ನಡೆದ ಒಂದೇ ಒಂದು ಘಟನೆ, ತಾನು ಅಲ್ಲಿದ್ದೆ ಅನ್ನುವ ಹಾಗೆ, ನೆನಪಿಗೆ ಬರುತ್ತಿರಲಿಲ್ಲ. ನಾಳೆ ಏನು ಮಾಡುತ್ತೀ ಅಂತ ಟಲ್ವಿಂಗ್ ಕೇಳಿದರು. ಅದಕ್ಕೂ ಉತ್ತರವಿಲ್ಲ. ಹಿಂದಿನದು ಹೋದಾಗ ಮುಂದಿನದೂ ಹೋಗಿತ್ತು. ಒಡೆದು ಮತ್ತೆ ಜೋಡಿಸಬಹುದಾದ ಚೂರುಗಳಾಗಿರುವುದರಿಂದಲೇ ನೆನಪು ನಾಳೆಯನ್ನು ಊಹಿಸಲೂ ಒದಗುತ್ತದೆ ಅನ್ನುವವರಿದ್ದಾರೆ. ನನಗೂ ಹಾಗೇ ಕಾಣುತ್ತದೆ. ಸೋರುವ ಮೇಲ್ಮುದ್ದಿ ಅಂತ ಮನೆ ಬಿಟ್ಟು ಹೋಗುತ್ತೇವೇನು? ವರ್ಷಕ್ಕೊಮ್ಮೆ ಮಣ್ಣು ಹಾಕುತ್ತೇವೆ.

ಗ್ರಹಣದ ಕತೆಯ ಒಂದು ಎಳೆ ಉಳಿದಿದೆ. ಈ ಉಪನ್ಯಾಸಕ್ಕೆ ತಯಾರಾಗುತ್ತಿದ್ದಾಗ ಕಣ್ಣು ಮುಚ್ಚಿ ಆ ದೃಶ್ಯವನ್ನು ಮತ್ತೆ ನೋಡಿದೆ. ಮೊದಲ ಸಲ ಒಂದು ಸಂಗತಿ ಗಮನಕ್ಕೆ ಬಂತು. ನಿಚ್ಚಣಿಕೆ ಏರುವ ಹುಡುಗನನ್ನು ನಾನು ಹಿಂದಿನಿಂದ ನೋಡುತ್ತೇನೆ. ಅಂಗಿಯ ಬೆನ್ನು ಕಾಣುತ್ತದೆ, ಹರಿದ ಹಿಮ್ಮಡಿ ಕಾಣುತ್ತದೆ. ಏರುವವನಿಗೆ ತನ್ನ ಬೆನ್ನು ಹೇಗೆ ಕಂಡೀತು? ಹಳೆಯ ನೆನಪುಗಳಲ್ಲಿ ನಮ್ಮನ್ನು ನಾವೇ ಹೊರಗಿನಿಂದ ಕಾಣುವುದು ಬಹಳ ಜನರಿಗೆ ಆಗುತ್ತದೆ ಅಂತ ನೈಸರ್ ಮತ್ತು ಇನ್ನೊಬ್ಬರು 1983ರಲ್ಲೇ ಬರೆದಿದ್ದಾರೆ, ಆದ್ದರಿಂದ ಇದರಿಂದ ಏನೂ ಸಿದ್ಧವಾಗುವುದಿಲ್ಲ. ಆದರೆ ನಮ್ಮ ಪಡಸಾಲೆಯಲ್ಲಿ ಹಾಸಿಗೆ ಹಾಸುತ್ತಿದ್ದ ಮೂಲೆಯಿಂದ ನೋಡಿದರೆ ನಿಚ್ಚಣಿಕೆ ಸರಿಯಾಗಿ ಹಾಗೇ ಕಾಣುತ್ತಿತ್ತು. ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಖರೆ ಹೇಳ್ಲೇನು, ನೀ ಅಷ್ಟ ಸಲ ಹೇಳಿ ಹೇಳಿ ಈಗ ನನಗೂ ನೀನ ಏರಿದ್ದಿ ಅನಸಲಿಕ್ಕೆ ಹತ್ತೇತಿ" ಅಂದ.

ಆಯಿತು, ಈಗ ಈ ಹುಡುಗಿ ಎಲ್ಲರಿಗೂ ಒಂದೊಂದು ಕಾಗದ, ಲಕೋಟೆ ಕೊಡುತ್ತಾಳೆ. ಹಿರಿಯರೂ ತಗೊಳ್ರಿ. ಇವತ್ತು ಇಲ್ಲಿಗೆ ಹೇಗೆ ಬಂದಿರಿ, ದಾರಿಯಲ್ಲಿ ಯಾರು ಸಿಕ್ಕರು, ಮುಂಜಾನೆ ಏನು ತಿಂದಿರಿ, ನಿಮ್ಮ ಎಡಕ್ಕೆ ಯಾರು ಕೂತಿದ್ದಾರೆ, ನಾನು ಯಾವ ಬಣ್ಣದ ಅಂಗಿ ಹಾಕಿದ್ದೇನೆ. ಅಷ್ಟೇ ಬರೆದು ಲಕೋಟೆ ಅಂಟಿಸಿ ಕೊಡಿ. ಎರಡೂವರೆ ವರ್ಷ ನನ್ನ ಕಪಾಟಿನಲ್ಲಿ ಇರುತ್ತದೆ, ಆಮೇಲೆ ಇಲ್ಲೇ ಕೂಡೋಣ. ಮಗ್ಗಲಿನವರದು ನೋಡಿ ಬರೆಯಬೇಡಿ. ಪೆನ್ನು ಇಲ್ಲದವರು ಕೈ ಎತ್ತಿ. ಮತ್ತೆ, ಮೊದಲು ಮೇಲೆ ತಾರೀಖು ಹಾಕ್ರಿ.